ರಕ್ತ ಹೆಪ್ಪುಗಟ್ಟಿದ ದಿನಗಳು

ಆಕೆಗೆ 33 ವರ್ಷ. ಬಿಪಿ ಇಲ್ಲ, ಶುಗರ್ ಇಲ್ಲ. ಒಂದು ವಾರದಿಂದ ಕೆಮ್ಮು, ತಲೆನೋವು, ಮೈ ನಡುಕ. ಆಮೇಲೆ ಮಾತು ತೊದಲತೊಡಗಿತು. ಎಡಗೈ, ಎಡಗಾಲು ಮೊದಲು ಜೋಮು ಹಿಡಿದವು, ಬಳಿಕ ಬಲ ಕಳೆದುಕೊಂಡವು. ಬೇರೆ ಯಾವ ವರ್ಷವಾದರೂ ಮನೆಯವರು ಆ ಗಳಿಗೆಯಲ್ಲೇ ಆಂಬುಲೆನ್ಸ್ ಕರೆಸುತ್ತಿದ್ದರು. ಆದರೆ ಅದು 2020ರ ಮಾರ್ಚ್–ಏಪ್ರಿಲ್, ಊರು ನ್ಯೂಯಾರ್ಕ್. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತು ಎಂಬ ಭಯ. 28 ಗಂಟೆಗಳ ಕಾಲ ಲಕ್ಷಣಗಳು ಒಂದೇ ಸಮನೆ ಏರುತ್ತಾ ಹೋದವು. ಕೊನೆಗೆ ಆಕೆಯನ್ನು ಕರೆತಂದಾಗ ಸ್ಕ್ಯಾನಿನಲ್ಲಿ ಕಂಡದ್ದು ಬಲಗಡೆ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತಿರುವುದು, ಮತ್ತು ಕುತ್ತಿಗೆಯ ಕ್ಯಾರೋಟಿಡ್ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಅರ್ಧಂಬರ್ಧ ಅಡ್ಡ ಕೂತ ಒಂದು ಗಡ್ಡೆ. ಗಂಟಲಿನ ಸ್ವ್ಯಾಬ್ ಪರೀಕ್ಷೆ ಕೋವಿಡ್ ಪಾಸಿಟಿವ್ ಎಂದಿತು.

ಆಕೆಯನ್ನು ನೋಡಿದ್ದು ಮೌಂಟ್ ಸೈನಾಯ್ ಆಸ್ಪತ್ರೆ ಸಮೂಹದ ವೈದ್ಯರು. ಆ ಹೊತ್ತಿಗೆ ಆ ಆಸ್ಪತ್ರೆಯ ಎದುರಿನ ಸೆಂಟ್ರಲ್ ಪಾರ್ಕಿನ ಹುಲ್ಲುಹಾಸಿನ ಮೇಲೆ 68 ಹಾಸಿಗೆಗಳ ಡೇರೆ ಆಸ್ಪತ್ರೆ ಎದ್ದಿತ್ತು. ಇಡೀ ನಗರದ ಗಮನ ಇದ್ದದ್ದು ವೆಂಟಿಲೇಟರುಗಳ ಮೇಲೆ. ಸ್ಟ್ರೋಕ್ ನೋಡುವ ತಂಡ ಮಾತ್ರ ಬೇರೊಂದು ಲೆಕ್ಕ ಇಡುತ್ತಿತ್ತು. 50 ವರ್ಷದೊಳಗಿನವರಲ್ಲಿ ಮಿದುಳಿನ ದೊಡ್ಡ ರಕ್ತನಾಳವೇ ಕಟ್ಟಿಕೊಳ್ಳುವಂಥ ಸ್ಟ್ರೋಕ್ ಅಪರೂಪ. ಹಿಂದಿನ 12 ತಿಂಗಳಲ್ಲಿ ಆ ಆಸ್ಪತ್ರೆಗಳು ಕಂಡ ಸರಾಸರಿ ಎರಡು ವಾರಕ್ಕೆ 0.73, ಅಂದರೆ ಒಬ್ಬರಿಗಿಂತಲೂ ಕಡಿಮೆ. ಮಾರ್ಚ್ 23ರಿಂದ ಏಪ್ರಿಲ್ 7ರ ನಡುವೆ ಬಂದವರು ಐದು ಜನ. 33, 37, 39, 44, 49 ವರ್ಷದವರು. ಐವರಿಗೂ ಕೋವಿಡ್.

ಇಂಥ ರೋಗಿಗಳಿಗೆ ಮಾಡುವ ಚಿಕಿತ್ಸೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತೊಡೆಸಂದಿನ ರಕ್ತನಾಳಕ್ಕೆ ಸಣ್ಣ ತೂತು ಮಾಡಿ ಸಪೂರವಾದ ಕೊಳವೆಯೊಂದನ್ನು ಒಳಗೆ ಬಿಡುತ್ತಾರೆ. ಅದು ಹೊಟ್ಟೆ, ಎದೆ ದಾಟಿ, ಕುತ್ತಿಗೆ ಹಿಡಿದು ಮಿದುಳಿನ ಬುಡದವರೆಗೆ ಏರುತ್ತದೆ. ವೈದ್ಯರ ಕಣ್ಣು ಎಕ್ಸ್‌ರೇ ಪರದೆಯ ಮೇಲೆ. ಕಾಂಟ್ರಾಸ್ಟ್ ದ್ರವ ಬಿಟ್ಟಾಗ ರಕ್ತನಾಳಗಳು ಎಲೆಯುದುರಿದ ಮರದ ಹಾಗೆ ಕಪ್ಪಗೆ ಮೂಡುತ್ತವೆ. ಒಂದು ಕೊಂಬೆ ನಡುವೆಯೇ ಕಡಿದಂತೆ ನಿಂತಿದ್ದರೆ ಗಡ್ಡೆ ಇರುವುದು ಅಲ್ಲಿ. ಅದನ್ನು ಸಣ್ಣ ತಂತಿಬಲೆಯಿಂದ ಹಿಡಿದು, ಇಲ್ಲವೇ ಹೀರಿ, ಹೊರಗೆ ತೆಗೆದರೆ ಕೊಂಬೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ತಂಡದ ಥಾಮಸ್ ಆಕ್ಸ್‌ಲಿ ಪತ್ರಿಕೆಗಳಿಗೆ ಹೇಳಿದ್ದು ಬೆಚ್ಚಿಬೀಳಿಸುವಂತಿತ್ತು. ಒಬ್ಬ ರೋಗಿಯ ಮಿದುಳಿನಿಂದ ಗಡ್ಡೆ ಎಳೆಯುತ್ತಿದ್ದಾಗಲೇ, ಅದರ ಆಸುಪಾಸಿನಲ್ಲಿ ಹೊಸ ಗಡ್ಡೆಗಳು ಕಟ್ಟಿಕೊಳ್ಳುವುದನ್ನು ಅವರು ಪರದೆಯ ಮೇಲೆ ಕಂಡಿದ್ದರು. ಅಂದರೆ ತೊಂದರೆ ಒಂದು ಜಾಗದಲ್ಲಿ ಸಿಕ್ಕಿಕೊಂಡ ಒಂದು ಗಡ್ಡೆಯದ್ದಲ್ಲ, ಹರಿಯುತ್ತಿರುವ ರಕ್ತದ್ದೇ.

ಏಪ್ರಿಲ್ 28ರಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಆ ಐವರ ಕುರಿತ ಪುಟ್ಟ ಪತ್ರವೊಂದನ್ನು ಪ್ರಕಟಿಸಿತು. ಅಷ್ಟರೊಳಗೆ ಸುದ್ದಿ ಜಗತ್ತನ್ನೆಲ್ಲ ಸುತ್ತಿಯಾಗಿತ್ತು: ಕೊರೊನಾ ಹರೆಯದವರಿಗೆ ಲಕ್ವ ಹೊಡೆಸುತ್ತಿದೆ ಎಂದು. ಐದೇ ರೋಗಿಗಳ ಒಂದು ಪತ್ರದಿಂದ ಇಷ್ಟು ದೊಡ್ಡ ಮಾತು ಹುಟ್ಟಬಹುದೇ? ಆ ವರ್ಷ ವೈದ್ಯಲೋಕ ನಡೆದದ್ದೇ ಹಾಗೆ. ಯಾರೋ ಒಂದು ಊರಿನಲ್ಲಿ ಐದಾರು ರೋಗಿಗಳನ್ನು ಕಂಡು ಕೂಗು ಹಾಕುತ್ತಿದ್ದರು, ಉಳಿದವರು ತಮ್ಮ ವಾರ್ಡುಗಳಲ್ಲಿ ಹುಡುಕುತ್ತಿದ್ದರು. ಕೆಲವು ಕೂಗು ನಿಜವಾದವು, ಕೆಲವು ಅರ್ಧ ನಿಜವಾದವು, ಕೆಲವು ಸದ್ದಿಲ್ಲದೆ ಬಿದ್ದುಹೋದವು. ಯಾವುದು ಯಾವುದಾಯಿತು ಎಂಬುದೇ ಆ ದಿನಗಳ ನಿಜವಾದ ಚರಿತ್ರೆ ಎಂದು ನನಗನ್ನಿಸುತ್ತದೆ.

ಮೊದಲ ಕೂಗು ಎದ್ದದ್ದು ರೋಗ ಹುಟ್ಟಿದ ಊರಿನಲ್ಲೇ. ವುಹಾನ್‌ನ ಯೂನಿಯನ್ ಆಸ್ಪತ್ರೆಯ ನರರೋಗ ವೈದ್ಯರು ಜನವರಿ 16ರಿಂದ ಫೆಬ್ರವರಿ 19ರವರೆಗೆ ದಾಖಲಾದ 214 ರೋಗಿಗಳ ಕಡತ ತೆಗೆದು ನೋಡಿದರು. 78 ಜನರಲ್ಲಿ, ಅಂದರೆ ಶೇ 36.4ರಷ್ಟು ಮಂದಿಯಲ್ಲಿ, ನರಮಂಡಲಕ್ಕೆ ಸಂಬಂಧಿಸಿದ ಏನಾದರೊಂದು ಲಕ್ಷಣ ಇತ್ತು. ಬಹುಪಾಲು ತಲೆಸುತ್ತು, ತಲೆನೋವು. ಇವು ಯಾವ ಜ್ವರದಲ್ಲೂ ಬರುವಂಥವು. ಆದರೆ ತೀವ್ರವಾಗಿ ಕಾಯಿಲೆ ಬಿದ್ದ 88 ಜನರಲ್ಲಿ ಐವರಿಗೆ ಸ್ಟ್ರೋಕ್ ಆಗಿತ್ತು. ಆ ವರದಿ ಅಚ್ಚಾದದ್ದು ಏಪ್ರಿಲ್ 10ಕ್ಕೆ. ಅಷ್ಟರಲ್ಲಿ ಇಟಲಿಯೂ ನ್ಯೂಯಾರ್ಕೂ ಹೊತ್ತಿ ಉರಿಯುತ್ತಿದ್ದವು.

ವುಹಾನ್ ಪಟ್ಟಿಯಲ್ಲಿ ವಾಸನೆ ಹೋಗಿದೆ ಎಂದವರು ಶೇ 5ರಷ್ಟು ಮಾತ್ರ. ಉಸಿರಾಟಕ್ಕೇ ಒದ್ದಾಡುವವರನ್ನು ‘ಸಾರಿನ ವಾಸನೆ ಬರುತ್ತಿದೆಯೇ’ ಎಂದು ಯಾರು ಕೇಳುತ್ತಾರೆ? ಆ ಪ್ರಶ್ನೆಯನ್ನು ಜೋರಾಗಿ ಕೇಳಿಸಿದವರು ಬ್ರಿಟನ್ನಿನ ಕಿವಿ–ಮೂಗು–ಗಂಟಲು ವೈದ್ಯರು. ಮಾರ್ಚ್ ಮೂರನೇ ವಾರದ ಕೊನೆಯಲ್ಲಿ ಕ್ಲೇರ್ ಹಾಪ್‌ಕಿನ್ಸ್ ಮತ್ತು ನಿರ್ಮಲ್ ಕುಮಾರ್ ಒಂದು ಹೇಳಿಕೆ ಹೊರಡಿಸಿದರು: ಜ್ವರವಿಲ್ಲ, ಕೆಮ್ಮಿಲ್ಲ, ಆದರೆ ಇದ್ದಕ್ಕಿದ್ದಂತೆ ವಾಸನೆ ಹೋಗಿದೆ ಎಂದರೆ ಅವರನ್ನೂ ಕೋವಿಡ್ ಎಂದೇ ಶಂಕಿಸಿ, ಪ್ರತ್ಯೇಕವಾಗಿ ಇರಿಸಿ. ಸರ್ಕಾರಗಳು ಅದನ್ನು ಒಪ್ಪಲು ತಡ ಮಾಡಿದವು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ವಾಸನೆ, ರುಚಿ ಹೋಗುವುದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು ಜೂನ್ 13ಕ್ಕೆ. ಆ ಹೊತ್ತಿಗೆ ನಮ್ಮ ಮನೆಗಳಲ್ಲಿ ಬೆಳಿಗ್ಗೆ ಎದ್ದು ಕಾಫಿಪುಡಿ ಡಬ್ಬಿಗೆ ಮೂಗಿಟ್ಟು ನೋಡುವುದು ರೂಢಿಯಾಗಿತ್ತು.

ಒಂದೊಂದು ಊರಿನದ್ದೂ ಒಂದೊಂದು ಸುದ್ದಿ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಗೆ ಬಂದ, ವಿಮಾನ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರ ಮಿದುಳಿನ ಎರಡೂ ಬದಿ ಊದಿಕೊಂಡು, ಒಳಗೆ ರಕ್ತ ಸೋರಿತ್ತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ವೆಂಟಿಲೇಟರಿನಿಂದ ಇಳಿಸಿದ ರೋಗಿಗಳಿಗೆ ನಿದ್ರೆ ಮದ್ದು ನಿಲ್ಲಿಸಿದ ಮೇಲೂ ನೆಟ್ಟಗೆ ಎಚ್ಚರವಾಗುತ್ತಿರಲಿಲ್ಲ. ಅಲ್ಲಿನ ಐಸಿಯು ವೈದ್ಯರು ನೋಡಿದ 58 ಜನರಲ್ಲಿ 40 ಮಂದಿ ವಿಪರೀತ ಕಳವಳದಿಂದ ಹೊರಳಾಡುತ್ತಿದ್ದರು. ಉತ್ತರ ಇಟಲಿಯ ಬ್ರೆಶಾದಲ್ಲಿ ಎಷ್ಟು ರೋಗಿಗಳೆಂದರೆ, ಅಲ್ಲಿನ ದೊಡ್ಡಾಸ್ಪತ್ರೆ ನರರೋಗವೂ ಕೋವಿಡ್ಡೂ ಒಟ್ಟಿಗೆ ಇರುವವರಿಗೆಂದೇ ಪ್ರತ್ಯೇಕ ವಾರ್ಡ್ ತೆರೆಯಿತು. ಅದೇ ಸೀಮೆಯ ಮೂರು ಆಸ್ಪತ್ರೆಗಳು ಸೇರಿ, ಕೋವಿಡ್ ಬಂದ ಐದರಿಂದ ಹತ್ತು ದಿನಕ್ಕೆ ಕೈಕಾಲು ಸೋತುಹೋಗುವ ಗಿಲಾನ್–ಬಾರೆ ಕಾಯಿಲೆಯ ಐವರನ್ನು ವರದಿ ಮಾಡಿದವು.

ಇಷ್ಟಾದ ಮೇಲೆ ಹಳೇ ಭೂತವೊಂದು ಎದ್ದು ಬರದೆ ಇರುತ್ತದೆಯೇ? 1917ರಲ್ಲಿ ವಿಯೆನ್ನಾದ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಎಂಬ ವೈದ್ಯ ವಿಚಿತ್ರ ನಿದ್ರಾರೋಗವೊಂದನ್ನು ವಿವರಿಸಿದ್ದ. ಅದು ಸುಮಾರು ಹತ್ತು ವರ್ಷ ಜಗತ್ತನ್ನು ಕಾಡಿ ಮಾಯವಾಯಿತು. ಬದುಕುಳಿದ ಅನೇಕರು ವರ್ಷಗಳ ಬಳಿಕ ಪಾರ್ಕಿನ್ಸನ್‌ನಂಥ ಸ್ಥಿತಿಯಲ್ಲಿ ಕಲ್ಲಾಗಿ ಕೂತರು. ಆ ರೋಗಕ್ಕೂ 1918ರ ಇನ್‌ಫ್ಲುಯೆಂಜಾಕ್ಕೂ ನಂಟಿದೆ ಎಂದು ಹಲವರು ನಂಬಿದ್ದರು. ಅದು ಇಂದಿಗೂ ಸಾಬೀತಾಗಿಲ್ಲ. ಆದರೂ 2020ರ ಬೇಸಿಗೆಯಲ್ಲಿ ನರರೋಗ ತಜ್ಞರ ಲೇಖನಗಳಲ್ಲಿ ಎಕೊನೊಮೊ ಹೆಸರು ಮತ್ತೆ ಮತ್ತೆ ಬಂತು. ಅಂಥ ಎರಡನೇ ಅಲೆ ಬರಲಿಲ್ಲ. ಆ ಹೋಲಿಕೆ ಹುಟ್ಟಿದ್ದು ಸಾಕ್ಷ್ಯಕ್ಕಿಂತ ಹೆಚ್ಚಾಗಿ ಹೆದರಿಕೆಯಿಂದ.

ಅಸಲು ಪ್ರಶ್ನೆ ಬೇರೆಯಿತ್ತು. ವೈರಸ್ಸೇ ಮಿದುಳಿಗೆ ನುಗ್ಗಿ ಹಾಳು ಮಾಡುತ್ತಿದೆಯೇ, ಇಲ್ಲ ದೂರದಲ್ಲಿದ್ದುಕೊಂಡೇ ಅಲ್ಲಿಗೆ ಕೆಡುಕು ಮುಟ್ಟಿಸುತ್ತಿದೆಯೇ? ಮೂಗಿನ ಮೇಲ್ಛಾವಣಿಯಿಂದ ವಾಸನೆಯ ನರಗಳು ನೇರವಾಗಿ ಮಿದುಳಿಗೇ ಹೋಗುವುದರಿಂದ, ವಾಸನೆ ಹೋಗುತ್ತಿದೆ ಎಂದರೆ ವೈರಸ್ ಆ ದಾರಿಯಲ್ಲೇ ಏರುತ್ತಿದೆ ಎಂದು ಬಹಳ ಜನ ಊಹಿಸಿದರು. ನೋಡಲು ಸರಿಯಾಗಿಯೇ ಇತ್ತು. ಜುಲೈನಲ್ಲಿ ಹಾರ್ವರ್ಡ್‌ನ ಸಂದೀಪ್ ರಾಬರ್ಟ್ ದತ್ತಾ ಅವರ ಪ್ರಯೋಗಾಲಯ ಅದಕ್ಕೆ ತಣ್ಣೀರೆರಚಿತು. ವೈರಸ್ ಒಳಗೆ ಹೋಗಲು ಬೇಕಾದ ಎಸಿಇ–2 ಎಂಬ ಬಾಗಿಲು ವಾಸನೆ ಹಿಡಿಯುವ ನರಕೋಶಗಳಲ್ಲಿ ಇಲ್ಲ, ಅವುಗಳಿಗೆ ಆಸರೆಯಾಗಿ ನಿಂತ ಅಕ್ಕಪಕ್ಕದ ಜೀವಕೋಶಗಳಲ್ಲಿ ಇದೆ ಎಂದು ಅವರು ತೋರಿಸಿದರು. ಹಾಳಾಗುವುದು ಆಸರೆ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುವುದು ಏಕೆ ಎಂಬುದಕ್ಕೂ ಅಲ್ಲಿ ಉತ್ತರವಿತ್ತು.

ರಕ್ತದ ಕಡೆಯ ಸಾಕ್ಷ್ಯ ಮಾತ್ರ ದಿನದಿಂದ ದಿನಕ್ಕೆ ಬಲವಾಗುತ್ತಿತ್ತು. ಜರ್ಮನಿಯ ರುಡಾಲ್ಫ್ ವಿರ್ಕೊ ಹತ್ತೊಂಬತ್ತನೇ ಶತಮಾನದಲ್ಲೇ ಮಾಡಿದ ಕೆಲಸದಿಂದ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುವ ಮೂರು ಕಾರಣಗಳಿವೆ: ರಕ್ತದ ಹರಿವು ನಿಧಾನವಾದರೆ, ರಕ್ತನಾಳದ ಒಳಗೋಡೆಗೆ ಪೆಟ್ಟಾದರೆ, ರಕ್ತವೇ ಹೆಪ್ಪುಗಟ್ಟುವ ಸ್ವಭಾವಕ್ಕೆ ತಿರುಗಿದರೆ ಗಡ್ಡೆ ಕಟ್ಟುತ್ತದೆ. ತೀವ್ರ ಕೋವಿಡ್‌ನಲ್ಲಿ ಮೂರೂ ಒಟ್ಟಿಗೆ ಇದ್ದವು. ರೋಗಿ ವಾರಗಟ್ಟಲೆ ಮಲಗಿರುತ್ತಾನೆ. ಜ್ಯೂರಿಕ್‌ನ ರೋಗಶಾಸ್ತ್ರಜ್ಞರು ರಕ್ತನಾಳದ ಒಳಪದರದ ಕೋಶಗಳಲ್ಲೇ ವೈರಸ್ಸನ್ನೂ ಉರಿಯೂತವನ್ನೂ ಕಂಡೆವೆಂದು ಏಪ್ರಿಲ್‌ನಲ್ಲಿ ಬರೆದರು. ನೆದರ್‌ಲೆಂಡ್ಸ್‌ನ ಮೂರು ಆಸ್ಪತ್ರೆಗಳ ಐಸಿಯುಗಳಲ್ಲಿದ್ದ 184 ಜನರಲ್ಲಿ ಶೇ 31ರಷ್ಟು ಮಂದಿಗೆ ಗಡ್ಡೆಯ ತೊಡಕು ಕಾಣಿಸಿತ್ತು, ಅದೂ ಗಡ್ಡೆ ತಡೆಯುವ ಮದ್ದು ಕೊಡುತ್ತಿದ್ದಾಗಲೇ. ಜರ್ಮನಿಯ ಮ್ಯಾಕ್ಸಿಮಿಲಿಯನ್ ಆಕರ್‌ಮನ್ ಮತ್ತು ಸಂಗಡಿಗರು ಕೋವಿಡ್‌ನಿಂದ ಸತ್ತವರ ಶ್ವಾಸಕೋಶವನ್ನು ಇನ್‌ಫ್ಲುಯೆಂಜಾದಿಂದ ಸತ್ತವರದ್ದರ ಜೊತೆ ಇಟ್ಟು ನೋಡಿದಾಗ, ಕೂದಲೆಳೆಯಂಥ ರಕ್ತನಾಳಗಳಲ್ಲಿನ ಗಡ್ಡೆಗಳು ಒಂಬತ್ತು ಪಟ್ಟು ಹೆಚ್ಚಿದ್ದವು. ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ಸ್ಟ್ರೋಕ್ ತಂಡ ವರದಿ ಮಾಡಿದ ಆರು ಜನರಲ್ಲಿ ಆರೂ ಮಂದಿಯ ಡಿ–ಡೈಮರ್ ಏರಿತ್ತು. ದೇಹದಲ್ಲಿ ಎಲ್ಲೋ ಗಡ್ಡೆ ಕಟ್ಟಿ ಕರಗುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ ಅದು.

ಬೆಂಗಳೂರಿನದ್ದೂ ಒಂದು ಪಾಲಿದೆ. ಕೋವಿಡ್ ಶವಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮನೆಯವರಿಗೂ ದೂರದಿಂದ ತೋರಿಸಿ ಸಾಗಿಸುತ್ತಿದ್ದ ಕಾಲದಲ್ಲಿ, ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನ ವಿಧಿವಿಜ್ಞಾನ ವಿಭಾಗದ ಡಾ. ದಿನೇಶ್ ರಾವ್ 62 ವರ್ಷದ ವ್ಯಕ್ತಿಯೊಬ್ಬರ ಶವಪರೀಕ್ಷೆಗೆ ಮುಂದಾದರು. 2020ರ ಅಕ್ಟೋಬರ್‌ನಲ್ಲಿ ಅವರು ಮಾಧ್ಯಮಗಳ ಮುಂದೆ ಹೇಳಿದ್ದು ಹಲವರಿಗೆ ನೆನಪಿರಬಹುದು: ಸ್ಪಂಜಿನಂತೆ ಇರಬೇಕಾದ ಶ್ವಾಸಕೋಶ ಚರ್ಮದ ಚೆಂಡಿನಷ್ಟು ಗಟ್ಟಿಯಾಗಿತ್ತು, ರಕ್ತನಾಳಗಳಲ್ಲಿ ಹೆಪ್ಪುಗಳಿದ್ದವು. ಆ ಹೊತ್ತಿಗೆ ಹೊರದೇಶಗಳ ವರದಿ ಓದುವವರಿಗೆ ಇದರಲ್ಲಿ ಹೊಸದು ಹೆಚ್ಚಿರಲಿಲ್ಲ ನಿಜ. ಆದರೆ ಶವ ಮುಟ್ಟಲು ಎಲ್ಲರೂ ಹಿಂಜರಿಯುತ್ತಿದ್ದಾಗ ಕತ್ತರಿ ಹಿಡಿದು ನಿಲ್ಲುವುದಕ್ಕೆ ಬೇಕಾದ ಗುಂಡಿಗೆ ಬೇರೆ.

ಮಿದುಳಿನ ಮಟ್ಟಿಗೆ ನನಗೆ ಬಹಳ ಮುಖ್ಯವೆನಿಸುವ ಶವಪರೀಕ್ಷೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯದು. ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಅಲ್ಲಿಗೆ ಹೋದ ಅವೀಂದ್ರ ನಾಥ್ ಅವರ ತಂಡ 2020ರ ಮೊದಲ ಅಲೆಯಲ್ಲಿ ತೀರಿಕೊಂಡ 19 ಜನರ ಮಿದುಳನ್ನು ಪರೀಕ್ಷಿಸಿತು. ಹೆಚ್ಚು ಶಕ್ತಿಯ ಎಂಆರ್‌ಐ ಯಂತ್ರದಲ್ಲಿಟ್ಟು, ಚಿತ್ರದಲ್ಲಿ ಬೆಳ್ಳಗೆ ಅಥವಾ ಕಪ್ಪಗೆ ಕಂಡ ಚುಕ್ಕೆಗಳ ಜಾಗವನ್ನೇ ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡಿದರು. ಬೆಳ್ಳಗಿದ್ದಲ್ಲಿ ರಕ್ತನಾಳದ ಗೋಡೆ ತೆಳುವಾಗಿತ್ತು, ಕಪ್ಪಗಿದ್ದಲ್ಲಿ ರಕ್ತದ ಪ್ರೋಟೀನು ಮಿದುಳಿನ ಒಳಗೆ ಜಿನುಗಿತ್ತು, ಸುತ್ತ ಉರಿಯೂತದ ಗುರುತುಗಳಿದ್ದವು. ವೈರಸ್ಸಿಗಾಗಿ ಹಲವು ವಿಧಾನಗಳಲ್ಲಿ ಹುಡುಕಿದರು. ಸಿಗಲಿಲ್ಲ. ಡಿಸೆಂಬರ್ ಕೊನೆಗೆ ಪ್ರಕಟವಾದ ಆ ವರದಿ ಇಡೀ ವಾದವನ್ನು ಒಂದು ಕಡೆಗೆ ವಾಲಿಸಿತು. ವೈರಸ್ ಮಿದುಳಿಗೆ ಎಂದೂ ಹೋಗುವುದೇ ಇಲ್ಲ ಎಂದಲ್ಲ. ಕೆಲವು ಶವಗಳಲ್ಲಿ ಅದರ ಕುರುಹು ಬೇರೆಯವರಿಗೆ ಸಿಕ್ಕಿದೆ. ಆದರೆ ಮುಖ್ಯ ಅಪರಾಧಿ ರಕ್ತನಾಳ ಮತ್ತು ದೇಹದ್ದೇ ಆದ ಅತಿ ಪ್ರತಿಕ್ರಿಯೆ.

ಇನ್ನೊಂದು ಸಂಗತಿಯನ್ನು ಸ್ಟ್ರೋಕ್ ವೈದ್ಯರು ಮಾತ್ರ ಗಮನಿಸಿದರು, ಅದು ಅವರ ವಾರ್ಡಿನ ಮೌನ. ಮಿದುಳಿಗೆ ರಕ್ತ ನಿಂತರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ಅವರ ಹಳೆಯ ಲೆಕ್ಕ. ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆಯ ಅವಕಾಶ. ಅಮೆರಿಕದ 856 ಆಸ್ಪತ್ರೆಗಳಲ್ಲಿ ಸ್ಟ್ರೋಕ್ ಸ್ಕ್ಯಾನುಗಳನ್ನು ಓದುವ ಒಂದೇ ಸಾಫ್ಟ್‌ವೇರ್ ಬಳಕೆಯಲ್ಲಿತ್ತು. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ ಅದರ ಬಳಕೆ ಶೇ 39ರಷ್ಟು ಕುಸಿಯಿತು. ಜನರಿಗೆ ಸ್ಟ್ರೋಕ್ ಆಗುವುದೇನೂ ನಿಂತಿರಲಿಲ್ಲ. ಮೌಂಟ್ ಸೈನಾಯ್‌ನ ಐವರಲ್ಲೇ ಇಬ್ಬರು ಆಸ್ಪತ್ರೆಯ ಭಯದಿಂದ ತಡ ಮಾಡಿದ್ದರು.

ನಮ್ಮಲ್ಲಿ ಭಯದ ಜೊತೆ ಬೀಗವೂ ಸೇರಿತ್ತು. ಮಾರ್ಚ್ 25ರಿಂದ ಲಾಕ್‌ಡೌನ್, ಬಸ್ಸಿಲ್ಲ, ಆಟೋ ಇಲ್ಲ. ಭಾರತದ ಮೊದಲ ಕೋವಿಡ್ ಸಾವು ಕಂಡದ್ದೇ ನಮ್ಮ ಕಲಬುರಗಿಯಲ್ಲಿ, ಮಾರ್ಚ್ 10ರಂದು. ಹಾಗಾಗಿ ಆ ಸೀಮೆಯಲ್ಲಿ ಆತಂಕ ಬೇರೆ ಕಡೆಗಿಂತ ಬೇಗ ಹಬ್ಬಿತ್ತು. ಹಳ್ಳಿಯಲ್ಲಿ ಬಾಯಿ ಸೊಟ್ಟಗಾದ ಹಿರಿಯರನ್ನು ಜಿಲ್ಲಾಸ್ಪತ್ರೆಗೆ ಸಾಗಿಸುವುದೇ ಒಂದು ಯುದ್ಧ, ಅಲ್ಲಿ ಮುಟ್ಟಿದರೆ ‘ಕೋವಿಡ್ ರಿಪೋರ್ಟ್ ಎಲ್ಲಿ’ ಎಂಬ ಪ್ರಶ್ನೆ. ರಿಪೋರ್ಟ್ ಬರುವ ಹೊತ್ತಿಗೆ ನಾಲ್ಕೂವರೆ ಗಂಟೆ ಎಂದೋ ಮುಗಿದಿರುತ್ತಿತ್ತು. ಸೋಂಕೇ ತಗಲದೆ ಕೋವಿಡ್ ಕಾಲಕ್ಕೆ ಬಲಿಯಾದ ಇಂಥ ಮಿದುಳುಗಳನ್ನು ಎಣಿಸಿದವರು ಕಡಿಮೆ.

ಜುಲೈ ಹೊತ್ತಿಗೆ ಸಮಾಧಾನವಾಗಿ ಕೂತು ಲೆಕ್ಕ ಹಾಕಿದವರ ವರದಿಗಳು ಬರತೊಡಗಿದವು. ನ್ಯೂಯಾರ್ಕಿನದ್ದೇ ಎರಡು ಆಸ್ಪತ್ರೆಗಳಲ್ಲಿ ಕೋವಿಡ್‌ಗೆಂದು ಬಂದ 1,916 ಜನರಲ್ಲಿ 31 ಮಂದಿಗೆ ಸ್ಟ್ರೋಕ್ ಆಗಿತ್ತು. ಹಿಂದಿನ ವರ್ಷಗಳಲ್ಲಿ ಇನ್‌ಫ್ಲುಯೆಂಜಾಕ್ಕೆಂದು ಬಂದಿದ್ದ 1,486 ಜನರಲ್ಲಿ ಆಗಿದ್ದು ಮೂವರಿಗೆ. ಅಲ್ಲಿಗೆ ‘ಇದೂ ಒಂದು ಫ್ಲೂ’ ಎನ್ನುವವರ ಬಾಯಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ ಎಂಬುದು ಬೇರೆ ಮಾತು. ಆದರೆ ಅದೇ ಲೆಕ್ಕ ಏಪ್ರಿಲ್‌ನ ಕೂಗನ್ನೂ ತಿದ್ದಿತು. ಸ್ಟ್ರೋಕ್ ಆದವರು ಶೇ 1.6, ಮತ್ತು ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಬಿಪಿ–ಶುಗರ್ ಇದ್ದವರು. ಹರೆಯದವರ ಸ್ಟ್ರೋಕ್ ಸುಳ್ಳಲ್ಲ, ಆದರೆ ಅದು ಈ ರೋಗದ ಸಾಮಾನ್ಯ ಮುಖವೂ ಅಲ್ಲ. ಗಿಲಾನ್–ಬಾರೆಯ ಕೂಗು ಇನ್ನೂ ಮೆತ್ತಗಾಯಿತು. ಬ್ರಿಟನ್ನಿನ ದಾಖಲೆಗಳನ್ನೆಲ್ಲ ಜಾಲಾಡಿದಾಗ 2020ರ ಆ ತಿಂಗಳುಗಳಲ್ಲಿ ಆ ಕಾಯಿಲೆ ಹಿಂದಿನ ವರ್ಷಗಳಿಗಿಂತ ಕಡಿಮೆಯೇ ಆಗಿತ್ತು. ಎಲ್ಲರೂ ಮನೆಯಲ್ಲಿದ್ದು ಕೈ ತೊಳೆಯುತ್ತಿದ್ದರಿಂದ, ಅದನ್ನು ಕೆರಳಿಸುವ ಬೇರೆ ಸೋಂಕುಗಳು ತಗ್ಗಿದ್ದವು.

ಗಡ್ಡೆಯೇ ವೈರಿ ಎಂದ ಮೇಲೆ ಮದ್ದು ಸುಲಭ ಅನ್ನಿಸುತ್ತದೆ, ರಕ್ತ ತೆಳುವಾಗಿಸಿದರಾಯಿತು. ಬಹಳ ಆಸ್ಪತ್ರೆಗಳು ಹಾಗೇ ಮಾಡಿದವು, ಹೆಪಾರಿನ್ ಪ್ರಮಾಣ ಏರಿಸಿದವು. ಮೂರು ಅಂತರರಾಷ್ಟ್ರೀಯ ಪ್ರಯೋಗಗಳು ಒಟ್ಟುಗೂಡಿ ಇದನ್ನು ಪರೀಕ್ಷೆಗೆ ಒಡ್ಡಿದಾಗ 2020ರ ಡಿಸೆಂಬರ್‌ನಲ್ಲಿ ಅನಿರೀಕ್ಷಿತ ಸುದ್ದಿ ಬಂತು. ಐಸಿಯುನಲ್ಲಿರುವ ರೋಗಿಗಳಿಗೆ ದೊಡ್ಡ ಪ್ರಮಾಣದ ಹೆಪಾರಿನ್ ಕೊಟ್ಟು ಪ್ರಯೋಜನವಿಲ್ಲ, ರಕ್ತಸ್ರಾವದ ಅಪಾಯ ಬೇರೆ; ಅವರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಐಸಿಯು ಮೆಟ್ಟಿಲು ಹತ್ತದ, ವಾರ್ಡಿನಲ್ಲಿರುವ ರೋಗಿಗಳಿಗೆ ಮಾತ್ರ ಲಾಭ ಕಂಡಿತು. ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಆಸ್ಪಿರಿನ್ನನ್ನೂ ಪರೀಕ್ಷಿಸಿತು, ಸಾವು ತಗ್ಗಲಿಲ್ಲ.

ಈ ಫಲಿತಾಂಶಗಳು ನಮ್ಮ ಬೀದಿಗೆ ಇಳಿಯಲಿಲ್ಲ. 2021ರ ಏಪ್ರಿಲ್–ಮೇ ನೆನಪು ಮಾಡಿಕೊಳ್ಳಿ. ‘ಸಿಟಿ ಸ್ಕೋರ್ ಎಷ್ಟು? ಡಿ–ಡೈಮರ್ ಎಷ್ಟು ಬಂತು? ಸಿಆರ್‌ಪಿ ಇಳಿದಿದೆಯಾ?’ ಯೋಗಕ್ಷೇಮ ವಿಚಾರಿಸುವ ಫೋನಿನ ಭಾಷೆಯೇ ಅದಾಗಿತ್ತು. ಲ್ಯಾಬಿನ ಮುಂದೆ ಸಾಲು, ವಾಟ್ಸ್ಆ್ಯಪ್‌ನಲ್ಲಿ ರಿಪೋರ್ಟಿನ ಫೋಟೊ, ಅದನ್ನು ನೋಡಿ ಪರಿಚಯದ ಯಾರೋ ಒಬ್ಬರು ಬರೆದುಕೊಡುವ ಮಾತ್ರೆ. ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಸ್ಟೀರಾಯ್ಡ್ ಕೂಡ. ಡೆಕ್ಸಾಮೆಥಾಸೋನ್ ಆಮ್ಲಜನಕ ಬೇಕಾದ ರೋಗಿಯ ಜೀವ ಉಳಿಸುತ್ತದೆ ಎಂಬುದು 2020ರ ಜೂನ್‌ನಲ್ಲೇ ರುಜುವಾಗಿತ್ತು. ಆಮ್ಲಜನಕವೇ ಬೇಡದವರು ಮೊದಲ ದಿನದಿಂದಲೇ ಅದನ್ನು ನುಂಗತೊಡಗಿದರೆ ಏನಾಗುತ್ತದೆ ಎಂಬುದನ್ನು ಆ ಬೇಸಿಗೆ ತೋರಿಸಿತು.

ಕಪ್ಪು ಶಿಲೀಂಧ್ರ ಬಂದದ್ದು ಆಗ. ಮೊದಲು ಒಂದು ಕಡೆ ಕೆನ್ನೆ ಮರಗಟ್ಟುತ್ತದೆ. ಮೂಗು ಕಟ್ಟಿ, ಒಳಗೆ ಕಪ್ಪನೆ ಹಕ್ಕಳೆ. ಹಲ್ಲು ಅಲುಗಾಡುತ್ತದೆ, ಅಂಗುಳಿನಲ್ಲಿ ಕಲೆ. ಕಣ್ಣು ಊದಿ, ರೆಪ್ಪೆ ಜೋತು, ಎದುರಿನದು ಎರಡೆರಡಾಗಿ ಕಂಡು, ಕಾಣುವುದೇ ನಿಲ್ಲುತ್ತದೆ. ಮ್ಯೂಕರ್ ಎಂಬ ಈ ಬೂಷ್ಟಿನ ಸ್ವಭಾವವೇ ರಕ್ತನಾಳದ ಗೋಡೆ ಕೊರೆದು ಒಳಹೊಕ್ಕು ಗಡ್ಡೆ ಕಟ್ಟಿಸುವುದು. ಕಣ್ಣುಗುಡ್ಡೆಯ ಹಿಂದೆ, ಮಿದುಳಿಗೆ ರಕ್ತ ಒಯ್ಯುವ ಮುಖ್ಯ ನಾಳ ಹಾದುಹೋಗುವ ಇಕ್ಕಟ್ಟಿನ ಜಾಗವೊಂದಿದೆ. ಬೂಷ್ಟು ಅಲ್ಲಿಗೆ ಮುಟ್ಟಿದರೆ ಸ್ಟ್ರೋಕ್. ಜೀವ ಉಳಿಸಲು ಸರ್ಜನ್ನರು ಸೈನಸ್ಸು, ದವಡೆ, ಎಷ್ಟೋ ಸಲ ಕಣ್ಣನ್ನೇ ತೆಗೆಯಬೇಕಾಯಿತು. ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಮನೆಯವರು ಚೀಟಿ ಹಿಡಿದು ಊರೂರು ಅಲೆದರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಾರ್ಡ್ ತೆರೆಯಿತು. ಜೂನ್ ಕೊನೆಯ ಹೊತ್ತಿಗೆ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ 40,845 ಜನ. ಅವರಲ್ಲಿ ಶೇ 64ರಷ್ಟು ಮಂದಿಗೆ ಸಕ್ಕರೆ ಕಾಯಿಲೆ, ಅರ್ಧಕ್ಕಿಂತ ಹೆಚ್ಚು ಜನ ಸ್ಟೀರಾಯ್ಡ್ ತೆಗೆದುಕೊಂಡವರು. ಬೇರೆ ದೇಶಗಳು ಕೋವಿಡ್ ಮತ್ತು ಮಿದುಳಿನ ಚರಿತ್ರೆ ಬರೆಯುವಾಗ ಇದಕ್ಕೆ ಒಂದೆರಡು ಸಾಲು ಕೊಟ್ಟಾರು. ನಮ್ಮ ಮಟ್ಟಿಗೆ ಅದು ಒಂದು ಪೂರ್ತಿ ಅಧ್ಯಾಯ, ಮತ್ತು ಅದರ ಬಹುಭಾಗ ಬರೆದದ್ದು ವೈರಸ್ಸಲ್ಲ, ನಮ್ಮ ಕೈಗೆ ಸುಲಭವಾಗಿ ಸಿಕ್ಕ ಔಷಧಿ ಚೀಟಿ.

ಗಡ್ಡೆಯ ಮಾತು ಲಸಿಕೆಯವರೆಗೂ ಬಂತು. 2021ರ ಮಾರ್ಚ್‌ನಲ್ಲಿ ನಾರ್ವೆ ಮತ್ತು ಜರ್ಮನಿಯಲ್ಲಿ, ಆಸ್ಟ್ರಾಜೆನೆಕಾ ಲಸಿಕೆ ಪಡೆದ ಕೆಲವರಿಗೆ ಮಿದುಳಿನಿಂದ ರಕ್ತ ಹೊರಹೋಗುವ ಅಭಿಧಮನಿಗಳಲ್ಲೇ ಗಡ್ಡೆ ಕಟ್ಟಿತು. ಜೊತೆಗೆ ಪ್ಲೇಟ್‌ಲೆಟ್ ಕುಸಿತ. ಗ್ರೈಫ್ಸ್‌ವಾಲ್ಡ್‌ನ ಆಂಡ್ರಿಯಾಸ್ ಗ್ರೈನಾಕರ್ ಕೆಲವೇ ವಾರಗಳಲ್ಲಿ ಕಾರಣ ಪತ್ತೆ ಮಾಡಿದರು. ದೇಹ ತನ್ನದೇ ಪ್ಲೇಟ್‌ಲೆಟ್ಟಿನ ಒಂದು ಪ್ರೋಟೀನಿನ ವಿರುದ್ಧ ಪ್ರತಿಕಾಯ ಹುಟ್ಟಿಸುತ್ತಿತ್ತು. ಇದು ನಿಜವಾದ ಕೂಗು, ಅತಿ ಅಪರೂಪದ್ದು, ಲಸಿಕೆ ಪಡೆದ ಮೊದಲ ವಾರಗಳಲ್ಲೇ ಕಾಣಿಸಿಕೊಳ್ಳುವಂಥದ್ದು. ನಮ್ಮ ಕೋವಿಶೀಲ್ಡ್ ಅದೇ ಲಸಿಕೆಯಾದ್ದರಿಂದ ಭಯ ಇಲ್ಲಿಗೂ ಹಬ್ಬಿ, ವರ್ಷಗಳು ಕಳೆದರೂ ಇಳಿಯಲಿಲ್ಲ. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಹೃದಯಾಘಾತದ ಸಾವುಗಳು ದಿನನಿತ್ಯದ ಸುದ್ದಿಯಾದಾಗ ಬೊಟ್ಟು ಲಸಿಕೆಯ ಕಡೆಗೇ ತಿರುಗಿತು. ಮುಖ್ಯಮಂತ್ರಿಯೂ ಆ ಶಂಕೆಯನ್ನು ಬಾಯಿಬಿಟ್ಟು ಹೇಳಿದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಲಸಿಕೆಗೂ ಇದಕ್ಕೂ ಸಂಬಂಧ ಕಾಣುತ್ತಿಲ್ಲ ಎಂದಿತು. ಆ ವರದಿ ತಲುಪಿದ್ದು ಎಷ್ಟು ಜನಕ್ಕೆ, ಗಾಬರಿ ತಲುಪಿದ್ದು ಎಷ್ಟು ಜನಕ್ಕೆ ಎಂದು ಯಾವ ಹೋಟೆಲಿನ ಟೇಬಲ್ಲಿನಲ್ಲಿ ಕೂತು ಕೇಳಿದರೂ ಗೊತ್ತಾಗುತ್ತದೆ.

ಲಸಿಕೆಯನ್ನೇ ಶಂಕಿಸುವವರಿಗೆ ನಾನು ತೋರಿಸುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ 4.8 ಕೋಟಿ ವಯಸ್ಕರ ದಾಖಲೆ ಆಧರಿಸಿದ ಅಧ್ಯಯನವನ್ನು. 2022ರಲ್ಲಿ ಪ್ರಕಟವಾದ ಅದರಲ್ಲಿ ಕೋವಿಡ್ ಬಂದವರು 14 ಲಕ್ಷ. ಸೋಂಕು ಪತ್ತೆಯಾದ ಮೊದಲ ವಾರದಲ್ಲಿ ಹೃದಯಾಘಾತ, ಸ್ಟ್ರೋಕಿನಂಥ ಅಪಧಮನಿ ಗಡ್ಡೆಗಳ ಅಪಾಯ ಸೋಂಕಿಲ್ಲದವರಿಗಿಂತ ಸುಮಾರು 21 ಪಟ್ಟು. ಅದು ಬೇಗ ಇಳಿಯುತ್ತಾ ಬಂದು 27ರಿಂದ 49ನೇ ವಾರದ ಹೊತ್ತಿಗೆ 1.34 ಪಟ್ಟಿಗೆ ನಿಲ್ಲುತ್ತದೆ, ಪೂರ್ತಿ ಅಳಿಯುವುದಿಲ್ಲ. ಕೋವಿಡ್‌ನಿಂದಾಗಿ ಹೆಚ್ಚುವರಿಯಾಗಿ ಆದ ಇಂಥ ಅಪಧಮನಿ ಗಡ್ಡೆಗಳು ಅವರ ಅಂದಾಜಿನಲ್ಲಿ 7,200. ಆ ಲೆಕ್ಕ ಶುರುವಾಗುವುದು 2020ರ ಜನವರಿ 1ಕ್ಕೆ, ಮುಗಿಯುವುದು ಡಿಸೆಂಬರ್ 7ಕ್ಕೆ. ಬ್ರಿಟನ್ನಿನಲ್ಲಿ ಜನರಿಗೆ ಲಸಿಕೆ ಚುಚ್ಚಲು ಆರಂಭಿಸಿದ್ದು ಅದರ ಮರುದಿನ.